ಹಿರೀಕರ ಎಡೆಗೊಂದು ಪ್ಯಾಕೆಟ್

ನನ್ನ ತಮ್ಮ ಕುಡಿತ ಬಿಟ್ಟವನು. ಇದನ್ನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಬೇರೆಯವರು ತಮ್ಮ ಒಡಹುಟ್ಟಿದವರು ಪೊಲೀಸ್ ಆದದ್ದು, ಸೈಟು ಕೊಂಡದ್ದು ಹೇಳಿಕೊಳ್ಳುವಾಗ ನಾನು ಹೇಳಿಕೊಳ್ಳುವುದು ಇದನ್ನೇ. ಇದೂ ಒಂದು ಹೇಳಿಕೊಳ್ಳುವ ವಿಷಯವೇ ಅನ್ನುವ ಹಾಗೆ ಕೆಲವರು ಮುಖ ಸಪ್ಪಗೆ ಮಾಡುತ್ತಾರೆ. ಅವರ ಮನೆಯಲ್ಲಿ ಯಾರೂ ಬಿಟ್ಟಿರುವುದಿಲ್ಲ, ಅದಕ್ಕೆ ಅವರಿಗೆ ಗೊತ್ತಿರುವುದಿಲ್ಲ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಮನೆ ಕೊಳ್ಳೇಗಾಲದಲ್ಲಿ, ಹೆಚ್ಚಾಗಿ ಓಡಾಡುವುದು ಹನೂರಿನ ರೂಟಿನಲ್ಲಿ. ಸಂಜೆ ಟ್ರಿಪ್ಪಿನಲ್ಲಿ ಕುಡಿದು ಹತ್ತುವವರನ್ನು ಸಂಭಾಳಿಸಿ ಸಂಭಾಳಿಸಿ ನನ್ನ ಬಾಯಿ ಜೋರಾಯಿತು ಎಂದು ನನ್ನ ಗಂಡ ನೆಂಟರಿಗೆಲ್ಲ ಹೇಳುತ್ತಾನೆ. ಅದು ಸುಳ್ಳು. ನನ್ನ ಬಾಯಿ ಹುಟ್ಟಿದಾಗಿನಿಂದ ಜೋರೇ. ಈಗ ಅದಕ್ಕೆ ಸಂಬಳ ಬರುತ್ತದೆ, ಅಷ್ಟೇ ವ್ಯತ್ಯಾಸ.

ತಮ್ಮ ಇರುವುದು ಬಂಡಳ್ಳಿಯಲ್ಲಿ, ನಾವು ಹುಟ್ಟಿ ಬೆಳೆದ ಮನೆಯಲ್ಲಿ, ಅವ್ವ ಮತ್ತು ಹೆಂಡತಿಯ ಜೊತೆ. ಗಾರೆ ಕೆಲಸ ಅವನದು. ಅವನು ಪ್ಲಾಸ್ಟರಿಂಗ್ ಮಾಡಿದ ಗೋಡೆಯನ್ನು ಕಣ್ಣಿನಿಂದ ನೋಡಿದರೆ ಸಾಲದು, ಅಂಗೈ ಸವರಿ ನೋಡಬೇಕು. ಆದರೆ ಗಾರೆ ಕೆಲಸದವರಿಗೆ ಒಂದು ನಂಬಿಕೆ ಇದೆ. ಇಡೀ ದಿನ ಸಿಮೆಂಟಿನ ಧೂಳು ಗಂಟಲಲ್ಲಿ ಕೂತಿರುತ್ತದೆ, ಸಂಜೆ ಅದನ್ನು ತೊಳೆದುಬಿಡಬೇಕು. ತೊಳೆಯಲು ನೀರು ಸಾಲುವುದಿಲ್ಲವಂತೆ, ಬ್ರಾಂದಿ ಅಂಗಡಿಯ ಪ್ಯಾಕೆಟ್ಟೇ ಬೇಕು. ಹಾಗೆ ಸಂಜೆ ಶುರುವಾದದ್ದು ಮಧ್ಯಾಹ್ನಕ್ಕೆ ಬಂತು. ಮಧ್ಯಾಹ್ನದಿಂದ ಬೆಳಗಿಗೂ ಬಂತು. ಕೊನೆಕೊನೆಗೆ ಎದ್ದ ಕೂಡಲೇ ಒಂದು ಪ್ಯಾಕೆಟ್ ಹೊಟ್ಟೆಗೆ ಬೀಳದಿದ್ದರೆ ಗಾರೆ ಬಳಿಯುವ ಕರಣೆ ಹಿಡಿಯಲು ಕೈ ನಿಲ್ಲುತ್ತಿರಲಿಲ್ಲ. ನಮ್ಮಪ್ಪ ಹೋದದ್ದೂ ಇದೇ ದಾರಿಯಲ್ಲಿ, ಹೊಟ್ಟೆ ಊದಿ, ಕಣ್ಣು ಅರಿಶಿನವಾಗಿ. ಮಗನೂ ಅದೇ ದಾರಿ ಹಿಡಿದದ್ದನ್ನು ನೋಡಿ ಅವ್ವ ಮಾತು ಕಡಿಮೆ ಮಾಡಿಬಿಟ್ಟಿದ್ದಳು. ನಾನು ಅವಳ ಪಾಲಿನದನ್ನೂ ಸೇರಿಸಿ ಬೈಯುತ್ತಿದ್ದೆ. ಬೈದದ್ದರಿಂದ ಏನೂ ಆಗಲಿಲ್ಲ.

ಒಂದು ಸೋಮವಾರ ಅವನು ಯಾರಿಗೂ ಹೇಳದೆ ಮಾದಪ್ಪನ ಬೆಟ್ಟಕ್ಕೆ ಹೋಗಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿ ಬಂದ. ಬಂದು ಹೆಂಡತಿಗೆ ಹೇಳಿದ. ಅವಳು ನನಗೆ ಫೋನ್ ಮಾಡಿ ಹೇಳಿದಳು. ಮಾದಪ್ಪನ ಹೆಸರು ತೆಗೆದು ಮಾಡಿದ ಆಣೆಯನ್ನು ನಮ್ಮ ಕಡೆ ಯಾರೂ ಮುರಿಯುವುದಿಲ್ಲ, ಮುರಿಯಲು ಧೈರ್ಯವಿರುವುದಿಲ್ಲ. ಅವನು ನಿಜಕ್ಕೂ ಒಂದು ಹನಿಯನ್ನೂ ಮುಟ್ಟಲಿಲ್ಲ. ತೊಂದರೆ ಬಂದದ್ದೇ ಅದರಿಂದ.

ಮೂರನೆಯ ದಿನ ಅವನ ಹೆಂಡತಿ ಮತ್ತೆ ಫೋನ್ ಮಾಡಿದಳು. ದನಿಯಲ್ಲಿ ಭಯಕ್ಕಿಂತ ಸಡಗರ ಹೆಚ್ಚಿತ್ತು. "ಅಕ್ಕ, ನಿಮ್ ತಮ್ಮನ ಮೈಮ್ಯಾಕೆ ಮಾದಪ್ಪ ಬಂದವ್ನೆ. ಊರೋರೆಲ್ಲ ಬಂದವ್ರೆ, ನೀವೂ ಬನ್ನಿ" ಎಂದಳು.

ನನಗೆ ಸಡಗರವಾಗಲಿಲ್ಲ. ನಮ್ಮ ಜೊತೆಯ ಒಬ್ಬ ಡ್ರೈವರ್ ಹಿಂದೊಮ್ಮೆ ಹೀಗೇ ಕುಡಿತವನ್ನು ಒಂದೇ ಏಟಿಗೆ ನಿಲ್ಲಿಸಿ, ನಡುಗಿ, ಫಿಟ್ಸ್ ಬಂದು ರೆಸ್ಟ್‌ರೂಮಿನಲ್ಲಿ ಬಿದ್ದಿದ್ದ. ಆಸ್ಪತ್ರೆಗೆ ಹೊತ್ತುಕೊಂಡು ಹೋದವರಲ್ಲಿ ನಾನೂ ಒಬ್ಬಳು. ಅವತ್ತು ಡಾಕ್ಟರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು, ದಿನವೂ ಕುಡಿಯುವವನು ದಿಢೀರನೆ ಬಿಟ್ಟರೆ ಜೀವಕ್ಕೇ ಕುತ್ತು ಬರಬಹುದು ಎಂದಿದ್ದರು. ಆ ಮಾತು ನೆನಪಾಗಿ ಡ್ಯೂಟಿಯನ್ನು ಇನ್ನೊಬ್ಬಳಿಗೆ ಒಪ್ಪಿಸಿ ಊರಿಗೆ ಹೊರಟೆ.

ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಕರ್ಪೂರದ ಹೊಗೆ. ತಮ್ಮನನ್ನು ಚಾಪೆಯ ಮೇಲೆ ಕೂರಿಸಿ, ಹಣೆ ತುಂಬಾ ವಿಭೂತಿ ಬಳಿದು, ಕೊರಳಿಗೆ ಹೂವು ಹಾಕಿದ್ದರು. ಬೆವರಿಗೆ ವಿಭೂತಿ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಅವನು ಗಡಗಡ ನಡುಗುತ್ತ, ಎದುರಿನ ಖಾಲಿ ಗೋಡೆಯನ್ನು ನೋಡುತ್ತ, ಏನನ್ನೋ ಕೊಡವಿಕೊಳ್ಳುತ್ತಿದ್ದ. ನಮ್ಮ ಚಿಕ್ಕಪ್ಪ, ಅಪ್ಪನ ತಮ್ಮ, ದೇವರ ಪಕ್ಕದಲ್ಲಿ ನಿಂತು ಜನರನ್ನು ಸರದಿಯಲ್ಲಿ ಬಿಡುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಇಂಥ ಒಬ್ಬನಿದ್ದರೆ ನಮಗೆ ಎಷ್ಟೋ ಅನುಕೂಲ.

ನಾನು ಒಳಗೆ ಬರುವ ಹೊತ್ತಿಗೆ ನಮ್ಮ ಸೋದರತ್ತೆಯ ಸರದಿ. ಮೊಮ್ಮಗಳಿಗೆ ಶಾಗ್ಯದ ಕಡೆಯಿಂದ ಒಂದು ಸಂಬಂಧ ಬಂದಿತ್ತು, ಒಪ್ಪಬಹುದೋ ಬೇಡವೋ ಎಂದು ಕೇಳಿದಳು. ತಮ್ಮನಿಗೆ ಗೋಡೆಯ ಮೇಲೆ ಅದೇನು ಕಾಣುತ್ತಿತ್ತೋ, ನಾಯಿಯೋ ಕರಡಿಯೋ, ಬೆಚ್ಚಿ ಹಿಂದಕ್ಕೆ ಸರಿದು "ಕಟ್ಟಾಕ್ರೋ, ಬ್ಯಾಗ ಕಟ್ಟಾಕ್ರೋ" ಎಂದು ಕೂಗಿದ. ಸೋದರತ್ತೆ ತಾಳಿ ಕಟ್ಟಿಸುವುದಕ್ಕೆ ಅಪ್ಪಣೆ ಸಿಕ್ಕಿತು ಎಂದು ಅಡ್ಡಬಿದ್ದಳು. ಆ ಮದುವೆ ನಡೆದೂ ಹೋಯಿತು. ಗಂಡ ಹೆಂಡತಿ ಚೆನ್ನಾಗಿದ್ದಾರೆ, ಹಾಗಾಗಿ ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಆದರೆ ಅವತ್ತು ಹೇಳಿದೆ, ಸಾಕಷ್ಟು ಹೇಳಿದೆ. ಇದು ದೇವರಲ್ಲ, ಕುಡಿತ ಬಿಟ್ಟ ನಡುಕ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗದಿದ್ದರೆ ಹುಡುಗ ಉಳಿಯುವುದಿಲ್ಲ ಎಂದೆ. ಚಿಕ್ಕಪ್ಪನಿಗೆ ಕೋಪ ಬಂತು. ಆಣೆ ಮಾಡಿದವನ ಮೇಲೆ ಆ ದೇವರು ಬರದೆ ಇನ್ನೇನು ಬಂದೀತು ಎಂದ. ಮೂಲೆಯಲ್ಲಿದ್ದ ಇನ್ನೊಬ್ಬ, ಅವನೂ ಗಾರೆಯವನೇ, ಒಂದು ಪ್ಯಾಕೆಟ್ ಕುಡಿಸಿ, ನಡುಕ ತಾನೇ ನಿಲ್ಲುತ್ತದೆ ಎಂದು ಮೆಲ್ಲಗೆ ಹೇಳಿದ. ಹೇಳಿದವನು ಅವನೊಬ್ಬನೇ ಆದರೂ ಅರ್ಧ ಮನೆ ತಲೆಯಾಡಿಸಿತು. ಒಂದು ಕಡೆ ಆರತಿ, ಇನ್ನೊಂದು ಕಡೆ ಪ್ಯಾಕೆಟ್, ನಡುವೆ ನನ್ನ ತಮ್ಮ. ನಾನು ಅವನ ಕೊರಳಿನ ಹೂವು ತೆಗೆದು ಅವ್ವನ ಕೈಗೆ ಕೊಟ್ಟೆ. ದೇವರಾಗಿದ್ದರೆ ನನ್ನ ಕೈ ಸೇದಿಹೋಗಲಿ ಎಂದು ಅವನ ರೆಟ್ಟೆ ಹಿಡಿದೆ. ಅವ್ವ ಹೂವನ್ನು ದೇವರ ಗೂಡಿನಲ್ಲಿಟ್ಟು ಬಂದು ಮಗನ ಇನ್ನೊಂದು ರೆಟ್ಟೆ ಹಿಡಿದಳು. ಅವಳು ಹಿಡಿದ ಮೇಲೆ ಯಾರೂ ಅಡ್ಡ ಬರಲಿಲ್ಲ.

ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಕೊಳ್ಳೇಗಾಲಕ್ಕೆ ಬರುವಾಗ ದಾರಿಯಲ್ಲೇ ಫಿಟ್ಸ್ ಬಂತು. ಅವನ ಹೆಂಡತಿ ಅಳುತ್ತಿದ್ದಳು, ನಾನು ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ನನ್ನ ಬ್ಯಾಗ್ ಇಟ್ಟು ಕೂತಿದ್ದೆ. ಅಷ್ಟು ಭಯವನ್ನು ನಾನು ಅದಕ್ಕೆ ಮುಂಚೆ ಪಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ವಿಟಮಿನ್ ಹಾಕಿದರು, ಡ್ರಿಪ್ ಏರಿಸಿದರು. ಡಾಕ್ಟರು ಬೈಯಲಿಲ್ಲ. ಬಿಡಬೇಕು ಅನ್ನಿಸಿದ್ದು ದೊಡ್ಡದು, ಆಣೆಯೂ ಒಳ್ಳೆಯದೇ, ಆದರೆ ಇಷ್ಟು ವರ್ಷ ದಿನವೂ ಕುಡಿದ ಮೈ ಒಂದೇ ಸಲಕ್ಕೆ ನಿಲ್ಲಿಸಿದರೆ ರೊಚ್ಚಿಗೇಳುತ್ತದೆ, ಆಣೆ ಮಾಡಿ ನೇರ ಇಲ್ಲಿಗೆ ಬರಬೇಕಿತ್ತು ಎಂದರು. ಅವನಿಗೆ ಜಾಗ ಗೊತ್ತಾಗುವ ಹಾಗೆ ಮನೆಯವರು ಪಕ್ಕದಲ್ಲೇ ಇದ್ದು ಮಾತಾಡಿಸುತ್ತಿರಿ ಎಂದರು. ಮಾತಾಡಿಸುವ ಕೆಲಸಕ್ಕೆ ನನಗಿಂತ ತಕ್ಕವರು ಯಾರು? ಇದು ಕೊಳ್ಳೇಗಾಲ, ಇದು ಆಸ್ಪತ್ರೆ, ನಾನು ನಿನ್ನ ಅಕ್ಕ ಎಂದು ಹೇಳುತ್ತಲೇ ಇದ್ದೆ. ಅವನ ತಲೆಗೆ ಹೋದದ್ದು ಅಕ್ಕ ಅನ್ನುವುದೊಂದೇ. ವಾರ್ಡನ್ನೇ ನನ್ನ ಬಸ್ಸು ಅಂದುಕೊಂಡು, ಬಂಡಳ್ಳಿ ಬಂದರೆ ಇಳಿಸಿ ಎಂದು ನರ್ಸಮ್ಮನಿಗೆ ಹೇಳಿದ. ಟಿಕೆಟ್ ನಮ್ಮಕ್ಕ ತೆಗೆದಿದ್ದಾಳೆ ಎಂದೂ ಸೇರಿಸಿದ. ಆಕೆ ನಗು ತಡೆದುಕೊಂಡು, ಇನ್ನೂ ದೂರ ಇದೆ, ಮಲಗಿರಿ ಎಂದರು.

ದಿನಗಳು ಕಳೆದಂತೆ ನಡುಕ ಇಳಿಯಿತು, ಗೋಡೆಗಳು ಖಾಲಿಯಾದವು. ಒಂದು ಬೆಳಿಗ್ಗೆ ಅವನು ಕಾಫಿ ಲೋಟವನ್ನು ಒಂದೇ ಕೈಯಲ್ಲಿ ಎತ್ತಿ ಕುಡಿದ. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಜೋರು ಬಾಯಿಯವರು ಅಳುವುದನ್ನು ಯಾರೂ ನೋಡಬಾರದು.

ಮನೆಗೆ ಬಂದ ಮೇಲೆಯೇ ನಿಜವಾದ ಕೆಲಸ ಶುರುವಾದದ್ದು. ಮಾತ್ರೆಗಳನ್ನು ಹೆಂಡತಿ ತನ್ನ ಕೈಯಿಂದಲೇ ಕೊಡುತ್ತಿದ್ದಳು, ಡಾಕ್ಟರು ಹೇಳಿದ ಹಾಗೆ ಮೆಲ್ಲಮೆಲ್ಲಗೆ ಕಡಿಮೆ ಮಾಡುತ್ತ. ಆಸ್ಪತ್ರೆಗೆ ವಾರದಲ್ಲೊಂದು ದಿನ ಮನಸ್ಸಿನ ಡಾಕ್ಟರು ಬರುತ್ತಿದ್ದರು. ಅವರು ಇವನನ್ನು ಕೂರಿಸಿಕೊಂಡು, ಯಾವ ಹೊತ್ತಿನಲ್ಲಿ ಬೇಕು ಅನ್ನಿಸುತ್ತದೆ ಎಂದು ಕೇಳಿದರು. ಕೆಲಸ ಬಿಡುವ ಹೊತ್ತಿನಲ್ಲಿ ಎಂದ. ಆಗ ಹೊಟ್ಟೆ ಹೇಗಿರುತ್ತದೆ ಎಂದರು. ಖಾಲಿ ಎಂದ. ಕುಡಿಯಬೇಕು ಅನ್ನುವ ಆಸೆ ಎದ್ದು, ಏರಿ, ಒಂದಿಷ್ಟು ಹೊತ್ತಿಗೆ ತಾನಾಗಿ ಇಳಿಯುತ್ತದೆ, ಅದು ಇಳಿಯುವ ತನಕ ಕೈಗೂ ಬಾಯಿಗೂ ಬೇರೆ ಕೆಲಸ ಕೊಡು ಎಂದರು.

ಅವನ ಹೆಂಡತಿ ಅದನ್ನು ಅಕ್ಷರಶಃ ತೆಗೆದುಕೊಂಡಳು. ಅಂದಿನಿಂದ ಅವನಿಗೆ ಎರಡು ಬುತ್ತಿ. ಒಂದು ಮಧ್ಯಾಹ್ನದ್ದು, ಇನ್ನೊಂದು ಕರಣೆ ತೊಳೆದಿಟ್ಟ ಮೇಲೆ ಬಿಚ್ಚುವುದು. ಉಳಿದವರು ಬ್ರಾಂದಿ ಅಂಗಡಿಯ ಕಡೆ ಹೊರಟರೆ ಇವನು ಮರಳ ರಾಶಿಯ ಪಕ್ಕ ಕೂತು ಮುದ್ದೆಯನ್ನು ಉಪ್ಸಾರಿಗೆ ಅದ್ದಿ ನುಂಗುತ್ತಿದ್ದ. ಮೊದಮೊದಲು ಅವನನ್ನು ಸಂಜೆಮುದ್ದೆ ಎಂದು ಗೇಲಿ ಮಾಡಿದರು. ಹೊಟ್ಟೆ ತುಂಬಿದವನಿಗೆ ಗೇಲಿ ತಟ್ಟುವುದಿಲ್ಲ ಎಂದು ನಾನು ಅವನಿಗೆ ಹೇಳಿಕೊಟ್ಟಿದ್ದೆ. ಅದನ್ನು ಮಾತ್ರ ಡಾಕ್ಟರು ಹೇಳಿರಲಿಲ್ಲ.

ಹಾಗೆಂದು ಎಲ್ಲವೂ ನೆಟ್ಟಗೆ ಹೋಯಿತು ಅಂದರೆ ಸುಳ್ಳಾಗುತ್ತದೆ. ಯಳಂದೂರಿನಲ್ಲಿ ಒಂದು ಮನೆಯ ತಾರಸಿ ಹಾಕುವ ಕೆಲಸ ಬಂತು. ಮೋಲ್ಡ್ ಅನ್ನುತ್ತಾರೆ ಅದಕ್ಕೆ. ಮೋಲ್ಡ್ ಮುಗಿದ ದಿನ ಮನೆಯ ಯಜಮಾನ ಕೆಲಸದವರಿಗೆ ಬಾಡೂಟ ಹಾಕಿಸಿ, ಕುಡಿಯಲು ಕೊಡಿಸುವುದು ವಾಡಿಕೆ. ಬೇಡ ಅಂದರೆ ತಾರಸಿಗೆ ಒಳ್ಳೆಯದಾಗುವುದಿಲ್ಲ ಎಂದು ಬೇರೆ ಒತ್ತಾಯ ಮಾಡುತ್ತಾರೆ. ಇವನು ಬೇರೆಯವರ ತಾರಸಿಯ ಒಳ್ಳೆಯದಕ್ಕಾಗಿ ಒಂದೇ ಒಂದು ಕುಡಿದ. ಆ ಒಂದು ಅವನನ್ನು ಆ ವಾರವೆಲ್ಲ ಮನೆಗೆ ಬಿಡಲಿಲ್ಲ.

ಹಳೆಯ ತಮ್ಮನಾಗಿದ್ದರೆ ಮುಖ ಮರೆಸಿಕೊಂಡು ತಿರುಗುತ್ತಿದ್ದ. ಇವನು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಬಂದು ನನ್ನ ಬಸ್ಸಿಗಾಗಿ ಕಾದು ನಿಂತಿದ್ದ. ನಾನು ಇಳಿದು ಹತ್ತಿರ ಹೋದರೆ ವಾಸನೆ. ಬಾಯಿಗೆ ಬಂದದ್ದನ್ನೆಲ್ಲ ಅನ್ನಲು ತಯಾರಾಗಿದ್ದೆ.

"ಅಕ್ಕ, ಬಿದ್ದೋದೆ ಕಣಕ್ಕ. ನಡುಕ ಬರಕ್ ಮುಂಚೆ ಆಸ್ಪತ್ರೆಗ್ ಓಗವ" ಎಂದ.

ಏನೂ ಅನ್ನದೆ ಅವನ ಕೈ ಹಿಡಿದು ಆಸ್ಪತ್ರೆಯ ಕಡೆ ನಡೆದೆ. ಕೋಪ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಅವನ ಮೇಲೆ ಮೊದಲ ಸಲ ಹೆಮ್ಮೆ ಅನ್ನಿಸಿದ್ದು ಆಣೆ ಮಾಡಿದಾಗಲ್ಲ, ಆಗ. ಡಾಕ್ಟರೂ ಅದನ್ನೇ ಹೇಳಿದರು. ಜಾರುವುದು ಈ ಕಾಯಿಲೆಯಲ್ಲಿ ಇರುವುದೇ, ಬಿದ್ದಲ್ಲೇ ಕೂರದೆ ಎದ್ದು ಬಂದಿದ್ದೀಯ ಎಂದರು. ಆಮೇಲೆ ಅವನ ಮುಖವನ್ನೇ ನೋಡಿ, ಆದರೆ ಒಂದು ಗೊತ್ತಿರಲಿ, ನಿನ್ನ ಲೆಕ್ಕದಲ್ಲಿ ಒಂದು ಹನಿ ಅನ್ನುವುದು ಇಲ್ಲ, ಯಾರ ಸಂತೋಷಕ್ಕೂ, ಯಾವ ಕಾರಣಕ್ಕೂ ಇಲ್ಲ ಎಂದರು. ಅಲ್ಲಿಂದ ಮುಂದೆ ಅವನು ಮೋಲ್ಡ್ ಒಪ್ಪಿಕೊಳ್ಳುವಾಗಲೇ ಯಜಮಾನರಿಗೆ ಹೇಳಿಬಿಡುತ್ತಿದ್ದ, ನನ್ನ ಪಾಲಿನ ಎಣ್ಣೆಯ ಬದಲು ಇನ್ನೊಂದು ಬಿರಿಯಾನಿ ಕೊಡಿಸಿ ಎಂದು. ಬಿರಿಯಾನಿಯನ್ನು ಅವ್ವನಿಗೆ ಕಟ್ಟಿಸಿಕೊಂಡು ಬರುತ್ತಿದ್ದ.

ಹೀಗೆ ತಿಂಗಳುಗಳು ಕಳೆದು ಪಕ್ಷದ ಹಬ್ಬ ಹತ್ತಿರ ಬಂತು. ನಮ್ಮಲ್ಲಿ ಹಬ್ಬದ ಸಂಜೆ ಸತ್ತ ಹಿರೀಕರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರಿಗೆ ಏನೇನು ಇಷ್ಟವೋ ಅದೆಲ್ಲ ಎಡೆಯಲ್ಲಿರಬೇಕು. ಅಜ್ಜಿಗೆ ಎಲೆಅಡಿಕೆ, ತಾತನಿಗೆ ಬೀಡಿ, ಎಲ್ಲರಿಗೂ ಕಜ್ಜಾಯ, ಬಾಡಿನ ಸಾರು. ನಮ್ಮಪ್ಪನಿಗೆ ಒಂದು ಪ್ಯಾಕೆಟ್. ಅವನು ಹೋದಾಗಿನಿಂದ ಪ್ರತಿ ವರ್ಷ ಅವನ ಫೋಟೋದ ಮುಂದೆ ಲೋಟದಲ್ಲಿ ಸುರಿದು ಇಡುತ್ತಿದ್ದರು. ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕಾಯುವುದು, ಹಿರೀಕರು ಉಂಡು ಹೋದ ಮೇಲೆ ಬಾಗಿಲು ತೆರೆಯುವುದು. ಎಡೆಯಲ್ಲಿದ್ದುದನ್ನು ಮೊದಲು ಬಾಯಿಗೆ ಇಡಬೇಕಾದವನು ಮನೆಯ ಮಗ. ಲೋಟವನ್ನೂ ಅವನೇ ಮೊದಲು ಮುಟ್ಟಬೇಕು. ಅಂದರೆ ನನ್ನ ತಮ್ಮ.

ಇಷ್ಟು ದಿನ ಬ್ರಾಂದಿ ಅಂಗಡಿ ಬೀದಿಯಲ್ಲಿತ್ತು. ಸುತ್ತು ಹಾಕಿ ಹೋಗಬಹುದಿತ್ತು. ಈಗ ಅದು ಅಪ್ಪನ ಹೆಸರಿನಲ್ಲಿ ಮನೆಯೊಳಗೆ ಬರುತ್ತಿತ್ತು. ಹಬ್ಬದ ದಿನ ಕೊಳ್ಳೇಗಾಲಕ್ಕೆ ನನ್ನ ಮನೆಗೆ ಬಂದುಬಿಡು, ಎಡೆಯನ್ನು ಚಿಕ್ಕಪ್ಪ ಇಡಲಿ ಎಂದು ನಾನು ಹೇಳಿದೆ. ಅವನು ಒಪ್ಪಲಿಲ್ಲ. ಅಪ್ಪನಿಗೆ ಎಡೆ ಇಡುವವನು ನಾನೇ, ಓಡಿಹೋಗುವುದಿಲ್ಲ ಎಂದ. ಏನು ಮಾಡುತ್ತೀಯ ಎಂದರೆ, ನೋಡವ ಎಂದಷ್ಟೇ ಹೇಳಿದ. ನನಗೆ ಡ್ಯೂಟಿಯಲ್ಲಿ ಚಿಲ್ಲರೆ ಲೆಕ್ಕ ತಪ್ಪತೊಡಗಿತು.

ಹಬ್ಬದ ದಿನ ನಾನು ಬೇಗನೆ ಊರು ಸೇರಿದೆ. ಹೊತ್ತು ಮುಳುಗುವ ಸಮಯಕ್ಕೆ ಎಡೆ ಸಿದ್ಧವಾಯಿತು. ಬಾಳೆಎಲೆ, ಹೊಸ ಪಂಚೆ, ದೀಪ, ಅಪ್ಪನ ಫೋಟೋ. ಚಿಕ್ಕಪ್ಪ ಅಂಗಿಯ ಒಳಜೇಬಿನಿಂದ ಪ್ಯಾಕೆಟ್ ತೆಗೆದು ತಮ್ಮನ ಮುಂದೆ ಹಿಡಿದ. ಚಿಕ್ಕಪ್ಪ ಕೆಟ್ಟವನಲ್ಲ. ಅಣ್ಣನೆಂದರೆ ಅವನಿಗೆ ಪ್ರಾಣ, ವರ್ಷಕ್ಕೊಂದು ದಿನ ಅಣ್ಣನಿಗೆ ತಾನೇ ಕೊಡಿಸಬೇಕೆಂಬ ಆಸೆ. ತಮ್ಮ ಕೈ ಚಾಚದಿದ್ದಾಗ ಅವನು ಸಮಾಧಾನದಿಂದಲೇ ಹೇಳಿದ.

"ಕುಡಿ ಅಂತ ಯಾರ್ಲಾ ಏಳುದ್ರು? ಸುರ್ದು ಇಡು. ಆಮ್ಯಾಕೆ ನಾಲ್ಗೆ ಮ್ಯಾಕೆ ಒಂದು ಅನಿ ಬುಟ್ಕೊ, ಸಾಕು. ಇದು ಎಣ್ಣೆ ಅಲ್ಲ ಕಣ್ಲಾ, ಪ್ರಸಾದ."

ನಾನು ಬಾಯಿ ತೆರೆದಿದ್ದೆ. ತಮ್ಮ ನನ್ನ ಕಡೆ ನೋಡಿ ಸುಮ್ಮನಿರು ಅನ್ನುವ ಹಾಗೆ ತಲೆಯಾಡಿಸಿದ. ಆಮೇಲೆ ಚಿಕ್ಕಪ್ಪನ ಕೈಯಿಂದ ಪ್ಯಾಕೆಟ್ ತೆಗೆದುಕೊಂಡ. ಅವನ ಹೆಂಡತಿ ನನ್ನ ಸೆರಗು ಹಿಡಿದುಕೊಂಡಳು. ಅವನು ಪ್ಯಾಕೆಟ್ಟನ್ನು ಅತ್ತಿತ್ತ ತಿರುಗಿಸಿ ನೋಡಿದ, ಅಪ್ಪನ ಫೋಟೋ ನೋಡಿದ, ಮತ್ತೆ ಅದನ್ನು ಚಿಕ್ಕಪ್ಪನ ಜೇಬಿಗೇ ಇಟ್ಟ.

"ಅಪ್ಪ ಸತ್ತದ್ದು ಇದ್ರಿಂದ್ಲೇ ಅಲ್ವಾ ಚಿಕ್ಕಪ್ಪ. ನಾನು ಬುಟ್ಟಿವ್ನಿ. ಅಪ್ಪನೂ ಬುಡ್ಲಿ."

ಸತ್ತವನು ಹೇಗೆ ಬಿಡುತ್ತಾನೆ ಎಂದು ಚಿಕ್ಕಪ್ಪ ಕೇಳಿದ. ಅವನು ಗಂಭೀರವಾಗಿಯೇ ಕೇಳಿದ್ದು.

"ಮೊದ್ಲು ಒಸಿ ದಿನ ನಡುಗ್ತಾನೆ" ಎಂದ ತಮ್ಮ. "ನಡುಗ್ಲಿ. ನಾನಿಲ್ವಾ, ನೋಡ್ಕತೀನಿ."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇಷ್ಟು ವರ್ಷ ಸಾವಿರಾರು ಜನರನ್ನು ಬಾಯಿಮಾಡಿ ಬಸ್ಸಿನಲ್ಲಿ ಹಿಂದಕ್ಕೆ ಸರಿಸಿದ ನನಗೆ ಇಂಥ ಒಂದು ಮಾತು ಹೊಳೆದಿರಲಿಲ್ಲ. ನನ್ನ ತಮ್ಮ ಮೆತ್ತಗಿನ ದನಿಯಲ್ಲಿ ಅದನ್ನು ಹೇಳಿ ಮುಗಿಸಿದ್ದ.

ಚಿಕ್ಕಪ್ಪ ಸೋಲೊಪ್ಪುವವನಲ್ಲ. ಫೋಟೋದ ಮುಂದೆ ಖಾಲಿ ಲೋಟ ತೋರಿಸಿ, ಅಣ್ಣ ಬಂದು ಇದನ್ನು ನೋಡಿ ಹಾಗೇ ಹೋಗಬೇಕಾ ಎಂದ. ಅಪ್ಪನಿಗೆ ಇನ್ನೇನು ಇಷ್ಟ ಎಂದು ತಮ್ಮನೂ ನಾನೂ ಯೋಚಿಸಿದೆವು. ಏನೂ ನೆನಪಿಗೆ ಬರಲಿಲ್ಲ. ನಾವು ಕಂಡ ಅಪ್ಪ ಕುಡಿದ ಅಪ್ಪ, ಇಲ್ಲವೇ ಕುಡಿಯಲು ಹೊರಟ ಅಪ್ಪ. ಬೇರೊಬ್ಬನನ್ನು ನಾವು ನೋಡಿಯೇ ಇರಲಿಲ್ಲ.

ಅಷ್ಟು ಹೊತ್ತು ಗೋಡೆಗೊರಗಿ ಕೂತಿದ್ದ ಅವ್ವ ಎದ್ದು ಬಂದು ಖಾಲಿ ಲೋಟವನ್ನು ಎತ್ತಿಕೊಂಡು ಒಲೆಯ ಕಡೆ ಹೋದಳು. ಬೆಲ್ಲ ಕುಟ್ಟುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಹೊಗೆಯಾಡುವ ಬೆಲ್ಲದ ಕಾಫಿ ತಂದು ಫೋಟೋದ ಮುಂದಿಟ್ಟಳು.

"ಮದ್ವೆಯಾದ ವರ್ಸ ನಿಮ್ಮಪ್ಪ ಕುಡೀತಿರ್ಲಿಲ್ಲ. ಇದು ಅಂದ್ರೆ ಪ್ರಾಣ" ಎಂದಳು.

ಬಾಗಿಲು ಮುಂದೆ ಮಾಡಿ ಎಲ್ಲರೂ ಜಗುಲಿಯಲ್ಲಿ ಕೂತೆವು. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಮಾತಾಡುವುದಿಲ್ಲ. ಅವತ್ತು ತಮ್ಮ ಮೆಲ್ಲಗೆ ಆಗ ಅಪ್ಪ ಹೇಗಿದ್ದ ಎಂದು ಕೇಳಿದ. ಅವ್ವ ಹೇಳಿದಳು. ಹೊಲದಿಂದ ಬಂದು ಹಟ್ಟಿಯ ಕಂಬಕ್ಕೆ ಒರಗಿ ಕೂತು ಕಾಫಿ ಕೇಳುತ್ತಿದ್ದನಂತೆ. ಅವಳು ತಂದು ಕೊಟ್ಟರೆ ನೀನೂ ಕುಡಿ ಎಂದು ಅರ್ಧ ಉಳಿಸಿ ಕೊಡುತ್ತಿದ್ದನಂತೆ. ಸಂತೆಯಿಂದ ಬರುವಾಗ ಹಾಡಿಕೊಂಡು ಬರುತ್ತಿದ್ದನಂತೆ, ದನಿ ಮಾತ್ರ ಚೆನ್ನಾಗಿರಲಿಲ್ಲವಂತೆ. ಚಿಕ್ಕಪ್ಪ ಹೌದು ಹೌದು ಎಂದು ನಡುವೆ ಸೇರಿಸುತ್ತಿದ್ದ. ಜೇಬಿನ ಪ್ಯಾಕೆಟ್ಟನ್ನು ಅವನು ಮರೆತಿದ್ದನೋ ಇಲ್ಲವೋ ಗೊತ್ತಿಲ್ಲ, ಕೈ ಅದರ ಕಡೆ ಹೋಗಲಿಲ್ಲ. ಅವ್ವ ಅಷ್ಟು ಮಾತಾಡಿದ್ದನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು.

ಬಾಗಿಲು ತೆರೆದ ಮೇಲೆ ತಮ್ಮ ಎಲೆಯ ಮುಂದೆ ಕೂತ. ಕಜ್ಜಾಯ ಮುರಿದು ಬಾಯಿಗಿಟ್ಟ. ಆಮೇಲೆ ಲೋಟ ಎತ್ತಿ ಒಂದು ಗುಟುಕು ಕುಡಿದ. ಆರಿಹೋಗಿತ್ತು.

"ಸಿಹಿ ಜಾಸ್ತಿ ಆಗದೆ ಕಣವ್ವ" ಎಂದ.

"ಅವ್ನಿಗೆ ಅಂಗೇ ಬೇಕಾಗಿತ್ತು" ಎಂದಳು ಅವ್ವ.

ಅವನು ಲೋಟವನ್ನು ಚಿಕ್ಕಪ್ಪನಿಗೆ ಕೊಟ್ಟ. ಚಿಕ್ಕಪ್ಪ ಒಂದು ಗುಟುಕು ಕುಡಿದು, ಬಾಯೊರೆಸಿಕೊಂಡು, ನನ್ನ ಕಡೆ ಚಾಚಿದ. ಪ್ರತಿ ವರ್ಷ ಆ ಲೋಟ ಗಂಡಸರ ನಡುವೆಯೇ ಸುತ್ತಿ ಖಾಲಿಯಾಗುತ್ತಿತ್ತು, ಹೆಂಗಸರ ತನಕ ಬರುತ್ತಿರಲಿಲ್ಲ. ನಾನು ಎರಡು ಕೈಯಲ್ಲಿ ತೆಗೆದುಕೊಂಡು ಕುಡಿದೆ. ಅಪ್ಪನಿಗೆ ಇಷ್ಟವಾದದ್ದನ್ನು ನಾನು ಬಾಯಿಗಿಟ್ಟಿದ್ದು ಅದೇ ಮೊದಲು.